ಖಾಲಿ ಬಿದ್ದಿದ್ದ ಹೆಸರು

ಮಗುವಿಗೆ ನಲವತ್ತೈದು ದಿನವಾಗಿತ್ತು. ಲಸಿಕೆಯ ಕಾರ್ಡಿನಲ್ಲಿ ಹೆಸರಿನ ಜಾಗದಲ್ಲಿ ಇನ್ನೂ 'ಹೆಣ್ಣು ಮಗು' ಎಂದೇ ಇತ್ತು. ನರ್ಸಮ್ಮ ಚುಚ್ಚುಮದ್ದು ಕೊಟ್ಟು, ಅಳುವ ಮಗುವಿನ ತೊಡೆಗೆ ಹತ್ತಿ ಒತ್ತಿ ಹಿಡಿದುಕೊಂಡೇ ತಾಯಿಯನ್ನು ತರಾಟೆಗೆ ತೆಗೆದುಕೊಂಡಳು.

"ಮುಂದಿನ ಸಲ ಹೆಸರಿಲ್ಲದೆ ಬಂದ್ರೆ ನಾನೇ ಒಂದು ಬರೆದುಬಿಡ್ತೀನಿ ನೋಡಿ. ಆಮೇಲೆ ಇಷ್ಟ ಇಲ್ಲ ಅನ್ನಬಾರದು."

"ಇನ್ನೊಂದು ವಾರ ಟೈಮ್ ಕೊಡಿ ಸಿಸ್ಟರ್."

"ನನ್ನನ್ಯಾಕೆ ಕೇಳ್ತೀರ? ಮಗೂನ ಕೇಳಿ."

ಹೆಸರಿಗಾಗಿ ಪರದಾಡಬೇಕಾದ ಹೆಂಗಸಲ್ಲ ಆ ತಾಯಿ. ಹದಿಮೂರು ವರ್ಷದಿಂದ ಅವಳ ಕೆಲಸವೇ ಹೆಸರು ಕೂಗುವುದು. ದೊಡ್ಡ ಬಸ್ ನಿಲ್ದಾಣದ ನಡುವೆ, ಮೂರು ಮೆಟ್ಟಿಲ ಮೇಲೆ, ಗಾಜಿನ ಒಂದು ಗೂಡಿದೆ. ಅದರೊಳಗೆ ಒಂದು ಮೇಜು, ಒಂದು ಮೈಕು, ಕಾಲು ಅಲುಗಾಡುವ ಒಂದು ಕುರ್ಚಿ. ಬಸ್ಸುಗಳ ವೇಳೆಯನ್ನು ಈಚೆಗೆ ಯಂತ್ರವೇ ಹೇಳುತ್ತದೆ. ಯಂತ್ರಕ್ಕೆ ಆಗದ ಕೆಲಸ ಅವಳಿಗೆ ಉಳಿದಿದೆ: ಕೈತಪ್ಪಿದ ಮಕ್ಕಳು, ಬ್ಯಾಗು ಮರೆತು ಹೋದವರು, ಯಾವ ಕಂಬದ ಬಳಿ ಸೇರಬೇಕೆಂದು ಮಾತಾಡಿಕೊಳ್ಳದೆ ಬಂದ ಗಂಡ ಹೆಂಡತಿಯರು. ಗಾಜಿನ ಕಿಂಡಿಯಲ್ಲಿ ಚೀಟಿ ಒಳಗೆ ಬರುತ್ತದೆ. ಚೀಟಿಯ ಮೇಲೆ ಕರೆಯಬೇಕಾದವರ ಹೆಸರು, ಕರೆಸುವವರ ಸಹಿ ಇರಬೇಕು. ಪ್ರತಿ ಹೆಸರನ್ನೂ ಎರಡು ಸಲ ಕೂಗಬೇಕು. ಮೊದಲನೆಯದು ತಗಡಿನ ಮಾಡಿಗೆ ಬಡಿದು ಅಡಗುವ ತನಕ ತಾಳಿ ಎರಡನೆಯದನ್ನು ಕೂಗಬೇಕು. ಇಲ್ಲದಿದ್ದರೆ ಎರಡೂ ಕಲಸಿಹೋಗುತ್ತವೆ. ನಿಲ್ದಾಣದಲ್ಲಿ ಅವಳನ್ನು ಎಲ್ಲರೂ ಮೈಕಮ್ಮ ಎನ್ನುತ್ತಿದ್ದರು. ಡಿಪೋದಲ್ಲಿ ಟೈರು ಬದಲಿಸುವ ಗಂಡನೂ ಮನೆಯಲ್ಲಿ ಹಾಗೇ ಕರೆಯುತ್ತಿದ್ದ.

ದೊಡ್ಡ ಮಗಳ ಹೆಸರು ಅತ್ತೆ ಆರಿಸಿದ್ದು. ಹೆಸರು ಚೆಂದವೇ, ಆದರೆ ಹತ್ತಿಯಷ್ಟು ಮೆತ್ತಗೆ. ಒಂದು ಮಧ್ಯಾಹ್ನ ಮೈಕಮ್ಮ ಅದನ್ನು ಮೈಕಿನಲ್ಲಿ ಕೂಗಿ ನೋಡಿದ್ದಳು. ಮೂರನೇ ಪ್ಲಾಟ್‌ಫಾರ್ಮಿನಲ್ಲಿ ನಿಂತ ಬಸ್ಸಿನ ಎಂಜಿನ್ನು ಅದನ್ನು ಪೂರ್ತಿ ನುಂಗಿತ್ತು. ಹಾಗಾಗಿ ಎರಡನೆಯವಳಿಗೆ ಕೊನೆಯ ಪ್ಲಾಟ್‌ಫಾರ್ಮಿನವರೆಗೆ ಮುಟ್ಟುವಂಥ ಹೆಸರು ಹುಡುಕುತ್ತಿದ್ದಾಳೆಂದು ಎಲ್ಲರೂ ನಂಬಿದ್ದರು. ರಜೆ ಮುಂದುವರಿಸುವ ಅರ್ಜಿ ಕೊಡಲು ಮಗುವನ್ನೆತ್ತಿಕೊಂಡು ನಿಲ್ದಾಣಕ್ಕೆ ಹೋದ ದಿನ ಕಂಡಕ್ಟರುಗಳು ಸುತ್ತುವರಿದರು.

"ದಿನಕ್ಕೆ ನೂರು ಹೆಸರು ಕೂಗ್ತೀಯಲ್ಲ ಮೈಕಮ್ಮ, ಅದರಲ್ಲೇ ಒಂದನ್ನ ಮನೆಗೆ ತಗೊಂಡು ಹೋಗು. ಯಾರು ಕೇಳ್ತಾರೆ?"

"ನೀನು ಒಬ್ಬನೇ ಸಾಕು ಕೇಳೋಕೆ."

"ಬಸ್ಸಿಗಾದ್ರೂ ನಂಬರ್ ಇರುತ್ತಪ್ಪ," ಎಂದ ಇನ್ನೊಬ್ಬ, ಮಗುವಿನ ಮುಖ ಬಗ್ಗಿ ನೋಡುತ್ತ. "ಇದಕ್ಕೆ ಅದೂ ಇಲ್ಲ. ಎಲ್ಲಿಗೆ ಹೋಗುತ್ತೆ ಪಾಪ."

ಮೈಕಮ್ಮ ನಕ್ಕಳು. ನಿಜ ಬೇರೆಯೇ ಇತ್ತು. ಅವಳು ಹುಡುಕುತ್ತಿರಲಿಲ್ಲ. ಮಗು ಹೊಟ್ಟೆಯಲ್ಲಿದ್ದಾಗಿನಿಂದ ಅವಳ ಬಳಿ ಒಂದೇ ಒಂದು ಹೆಸರಿತ್ತು. ಅದನ್ನು ಮನೆಯಲ್ಲಿ ಜೊತೆಗಿರುವ ಅಮ್ಮನ ಎದುರು ಬಾಯಿಬಿಟ್ಟು ಹೇಳುವ ಧೈರ್ಯ ಬಂದಿರಲಿಲ್ಲ, ಅಷ್ಟೆ.

ಅದು ಅಕ್ಕನ ಹೆಸರು. ಅಕ್ಕ ಅವಳಿಗಿಂತ ಏಳು ವರ್ಷ ದೊಡ್ಡವಳು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ದೂರದ ಊರಿನ ಬಟ್ಟೆ ಗಿರಣಿಯಲ್ಲಿ ಕೆಲಸ ಹಿಡಿದಳು. ಅಪ್ಪ ಬೇಡವೆಂದರು. ಅವಳು ಹೋಗುತ್ತೇನೆಂದಳು. ಹೋದರೆ ಹಿಂದಿರುಗಬೇಡ ಎಂದು ಅಪ್ಪ ಸಿಟ್ಟಿನಲ್ಲಿ ಅಂದದ್ದನ್ನು ಅವಳು ಅಕ್ಷರಶಃ ಹಿಡಿದುಕೊಂಡಳು. ಇಬ್ಬರದೂ ಒಂದೇ ರಕ್ತ. ಮೊದಲ ವರ್ಷ ಅಮ್ಮನಿಗೆ ಎರಡು ಕಾಗದ ಬಂದವು. ಮೂರನೆಯದು ಬರಬೇಕಾದ ಹೊತ್ತಿಗೆ ಇವರಿದ್ದ ಕಟ್ಟಡವನ್ನು ರಸ್ತೆಗಾಗಿ ಕೆಡವಿದ್ದರು. ಇವರು ಹೊಸ ವಿಳಾಸ ಬರೆದು ಹಾಕಿದ ಕಾಗದ ಹಿಂದಿರುಗಿ ಬಂತು. ಅಮ್ಮ ಒಬ್ಬಳೇ ಬಸ್ಸು ಹತ್ತಿ ಆ ಊರಿಗೆ ಹೋದಳು. ಗಿರಣಿಯ ಗೇಟಿಗೆ ಬೀಗ ಬಿದ್ದಿತ್ತು. ಹುಡುಗಿಯರೆಲ್ಲ ಕೆಲಸ ಸಿಕ್ಕ ಕಡೆ ಚೆದುರಿ ಹೋದರೆಂದು ಕಾವಲುಗಾರ ಹೇಳಿದ. ಆಮೇಲೆ ಇವರೂ ಮೂರು ಮನೆ ಬದಲಿಸಿದರು. ಅಪ್ಪ ತೀರಿಕೊಂಡರು. ಹದಿನೇಳು ವರ್ಷ ಕಳೆದವು.

ಆ ಹೆಸರನ್ನು ಮನೆಯಲ್ಲಿ ಯಾರೂ ನಿಷೇಧಿಸಿರಲಿಲ್ಲ. ಓಗೊಡುವ ಆಳಿಲ್ಲದ ಮೇಲೆ ಬಳಕೆಯಿಂದ ಬಿದ್ದುಹೋಯಿತು. ಅಮ್ಮ 'ಅವಳು' ಎಂದರೆ ಸಾಕಿತ್ತು, ಯಾರೆಂದು ತಿಳಿಯುತ್ತಿತ್ತು.

ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಮೈಕಮ್ಮ ಒಂದು ತಪ್ಪು ಮಾಡಿದ್ದಳು. ತಾನೇ ಚೀಟಿ ಬರೆದು, ತಾನೇ ಸಹಿ ಹಾಕಿ, ಅಕ್ಕನ ಹೆಸರನ್ನು ನಿಯಮದಂತೆ ಎರಡು ಸಲ ಕೂಗಿದಳು. ಸಂಜೆ ಚೀಟಿಗಳನ್ನು ನೋಡುವಾಗ ಕಂಟ್ರೋಲರ್ ಕೈ ಆ ಚೀಟಿಯ ಮೇಲೆ ನಿಂತಿತು.

"ಇದು ಯಾರಮ್ಮ? ನಿನ್ನದೇ ಸಹಿ ಇದೆಯಲ್ಲ. ಬಂದ್ರಾ?"

"ಇಲ್ಲ ಸರ್."

ಅವರು ಚೀಟಿಯನ್ನು ಮಡಿಸಿ ಅವಳ ಕೈಗೆ ಕೊಟ್ಟರು. "ಸರಿ, ಫೈಲಿಗೆ ಹಾಕು," ಎಂದರು.

ಅವಳು ಮತ್ತೆ ಹಾಗೆ ಮಾಡಲಿಲ್ಲ. ಆದರೆ ತನ್ನ ಬಾಯಿಂದಲೇ ಹೊರಟು, ಮಾಡಿಗೆ ಬಡಿದು ಮರಳಿದ ಆ ಹೆಸರು ಅವಳ ತಲೆಯಿಂದ ಹೋಗಲಿಲ್ಲ. ಮೈಕಿನಲ್ಲಿ ಬೇಡ, ಮನೆಯಲ್ಲಿ ಕೇಳಬೇಕು ಎನಿಸುತ್ತಿತ್ತು. ಅಮ್ಮನ ದನಿಯಲ್ಲಿ ಕೇಳಬೇಕು. ಊಟಕ್ಕೆ ಕರೆಯುವಾಗ, ಬೈಯುವಾಗ, ಏನೂ ಕಾರಣವಿಲ್ಲದಾಗ.

ಲಸಿಕೆ ಹಾಕಿಸಿ ಬಂದ ಸಂಜೆ ಅವಳು ಮಾತು ತೆಗೆದಳು. ಅಮ್ಮ ಕಿಟಕಿಯ ಬೆಳಕಿಗೆ ಕೂತು ಅಂಗಿಗಳಿಗೆ ಕಾಜಾ ಹೊಲಿಯುತ್ತಿದ್ದಳು. ಗುಂಡಿಯ ಆ ತೂತುಗಳ ಅಂಚನ್ನು ಕೈಯಲ್ಲಿ ಕಟ್ಟಿಕೊಡುವುದರಲ್ಲಿ ಅವಳಷ್ಟು ನಯ ಸುತ್ತಿನಲ್ಲಿ ಯಾರಿಗೂ ಇಲ್ಲವೆಂದು ದರ್ಜಿಗಳು ಹೇಳುತ್ತಿದ್ದರು. ಗಂಡ ಸೋಪು ಹಚ್ಚಿ ಬೆರಳಿನ ಗ್ರೀಸು ಉಜ್ಜುತ್ತಿದ್ದ.

"ಹೆಸರು ಗೊತ್ತಾಯ್ತು," ಎಂದಳು ಮೈಕಮ್ಮ.

"ಅಬ್ಬಾ," ಎಂದ ಗಂಡ. "ಇನ್ನು ಸ್ವಲ್ಪ ತಡ ಆಗಿದ್ರೆ ಅವಳೇ ದೊಡ್ಡವಳಾಗಿ ಇಟ್ಕೋತಿದ್ಲು."

"ಅಕ್ಕನ ಹೆಸರು ಇಡ್ತೀನಿ."

ಅಮ್ಮನ ಸೂಜಿ ಬಟ್ಟೆಯಲ್ಲೇ ನಿಂತಿತು. "ಬೇಡ."

"ಯಾಕಮ್ಮ?"

"ಅದು ಅವಳದು."

"ಅವಳದೇ. ನಾನೇನು ಕಿತ್ಕೊಂಡು ಹೋಗ್ತಿದೀನಾ? ನಂಗೆ ಈ ಮನೇಲಿ ಆ ಹೆಸರು ಕೇಳ್ಬೇಕು. ನೀನು ಅದನ್ನ ಹೇಳಿ ಹದಿನೇಳು ವರ್ಷ ಆಯ್ತು."

"ಹೇಳಿಲ್ಲ ಅಂದ್ರೆ ಮರೆತಿದೀನಿ ಅಂತಲ್ಲ. ನಾಳೆ ಅವಳು ಬಂದ್ರೆ ಇಬ್ಬರನ್ನ ಹೇಗೆ ಕೂಗ್ಲಿ?"

"ಇಬ್ರೂ ತಿರುಗಿ ನೋಡ್ಲಿ ಬಿಡು."

ಗಂಡ ನಗಲು ಹೋದವನು ಇಬ್ಬರ ಮುಖ ನೋಡಿ ನಲ್ಲಿಯ ಕಡೆ ತಿರುಗಿದ.

"ತಮಾಷೆ ಅಲ್ಲ ಕಣೇ," ಎಂದಳು ಅಮ್ಮ. ದನಿ ಏರಿಸಲಿಲ್ಲ. "ಅವಳು ಹೇಗೋ ಹುಡುಕ್ಕೊಂಡು ಬಂದಿದಾಳೆ ಅಂತಿಟ್ಕೋ. ಬಾಗಿಲ ಹೊರಗೆ ನಿಂತಿದಾಳೆ. ತಟ್ಟೋಕೆ ಧೈರ್ಯ ಇಲ್ಲ, ನಿಮ್ಮಪ್ಪ ಇನ್ನೂ ಇದಾರೆ ಅಂದ್ಕೊಂಡಿರ್ತಾಳೆ. ಆಗ ನಾನು ಒಳಗಿಂದ ಅವಳ ಹೆಸರು ಹಿಡಿದು ಕೂಗ್ತೀನಿ. ಒಂದು ಮಗು ಓಡಿ ಬರುತ್ತೆ. ಅವಳೇನು ಅಂದ್ಕೋತಾಳೆ? ನನ್ನ ಜಾಗ ತುಂಬಿಸ್ಕೊಂಡ್ರು ಅಂತ ಬಂದ ದಾರೀಲೇ ಹೋಗ್ತಾಳೆ."

ಇಷ್ಟು ವರ್ಷ ಮೈಕಮ್ಮ ಕೂಗುವವಳ ಕಡೆಯಿಂದಲೇ ಯೋಚಿಸಿದ್ದಳು. ಕೇಳಿಸಿಕೊಳ್ಳುವವಳಿಗೆ ಏನನಿಸಬಹುದೆಂಬ ಲೆಕ್ಕ ಅಮ್ಮನ ಬಳಿ ಇತ್ತು, ಅದೂ ಬಾಗಿಲು, ಹೊಸ್ತಿಲು, ನಿಂತ ಭಂಗಿಯ ಸಮೇತ. ಅಮ್ಮ ಆ ಬರುವಿಕೆಯನ್ನು ಮನಸ್ಸಿನಲ್ಲಿ ಎಷ್ಟು ಸಲ ಕಂಡಿದ್ದಾಳೆಂದು ಅವಳಿಗೆ ಅಂದೇ ತಿಳಿದದ್ದು.

ಹಾಗೇ ಎರಡು ದಿನ ಕಳೆಯಿತು. ದೊಡ್ಡ ಮಗಳು ಒಮ್ಮೆ "ಪಾಪುಗೆ ನನ್ನ ಹೆಸರೇ ಇಡಿ, ನಂಗೆ ಬೇರೆ ತಗೊಳ್ಳಿ" ಎಂದದ್ದಕ್ಕೂ ಯಾರೂ ನಗಲಿಲ್ಲ. ಮೂರನೆಯ ದಿನ ಬೆಳಗ್ಗೆ ಅಮ್ಮ ಕಾಲು ಚಾಚಿ ಕೂತು ಮಗುವಿಗೆ ಸ್ನಾನ ಮಾಡಿಸುತ್ತಿದ್ದಳು. ಮೈಕಮ್ಮ ಬಿಸಿನೀರಿಗೆ ತಣ್ಣೀರು ಬೆರೆಸುತ್ತಿದ್ದಳು.

"ನನ್ನ ಹೆಸರಿಡು," ಎಂದಳು ಅಮ್ಮ.

"ನಿನ್ನದಾ?"

"ಯಾಕೆ, ಚೆನ್ನಾಗಿಲ್ವಾ? ಖಾಲಿ ಬಿದ್ದಿದೆ. ನಿಂಗೆ ನಾನು ಅಮ್ಮ, ಇವಕ್ಕೆ ಅಜ್ಜಿ, ದರ್ಜಿಗಳಿಗೆ ಕಾಜಾದಮ್ಮ. ಹೆಸರು ಹಿಡಿದು ಕೂಗ್ತಿದ್ದವರು ನಿಮ್ಮಪ್ಪ ಒಬ್ರೇ. ಅದೂ ಸಿಟ್ಟು ಬಂದಾಗ, ಇಡೀ ಬೀದಿಗೆ ಕೇಳೋ ಹಾಗೆ."

"ನೀನಿರುವಾಗ ನಿನ್ನ ಹೆಸರು..."

"ನಾನು ಎಲ್ಲಿಗೂ ಹೋಗಿಲ್ಲ, ಎಲ್ಲಿಂದಲೂ ಬರಬೇಕಾಗಿಲ್ಲ. ನನ್ನನ್ನ ಯಾರು ಹುಡುಕ್ತಾರೆ? ಹುಡುಕಿದ್ರೆ ಅವಳೊಬ್ಬಳು ಹುಡುಕ್ಬೇಕು." ಮಗುವಿನ ಕತ್ತಿನ ಮಡಿಕೆಯನ್ನು ಬೆರಳಿನಿಂದ ತೊಳೆದಳು. "ಅವಳಿಗೆ ಈ ಮನೆ ಗೊತ್ತಿಲ್ಲ. ಬೀದಿ ಗೊತ್ತಿಲ್ಲ. ನಿನ್ನನ್ನ ಎದುರಿಗೇ ನಿಲ್ಲಿಸಿದ್ರೂ ಗುರುತು ಸಿಗಲ್ಲ, ಅಷ್ಟು ಊದ್ಕೊಂಡಿದೀಯ. ನನ್ನ ಹೆಸರೊಂದು ಗೊತ್ತು. ಈ ಕಡೆ ಯಾವತ್ತಾದ್ರೂ ಹಾದು ಹೋಗುವಾಗ ಯಾರೋ ಆ ಹೆಸರು ಕೂಗಿದ್ದು ಕಿವಿಗೆ ಬಿದ್ರೆ, ಒಂದು ಗಳಿಗೆ ನಿಂತೇ ನಿಲ್ತಾಳೆ. ನಿಂತ್ರೆ ಸಾಕು. ನೀರು ಹಾಕು, ಮಗು ತಣ್ಣಗಾಗ್ತಿದೆ."

ಮೈಕಮ್ಮ ನೀರು ಹಾಕಿದಳು. ಅವಳಿಗೆ ಬೇಕಾಗಿದ್ದ ಹೆಸರು ಇದಲ್ಲ. ಆದರೂ ಅರ್ಜಿಯಲ್ಲಿ ಅದನ್ನೇ ಬರೆದಳು.

ಜನನ ನೋಂದಣಿಯ ಕಚೇರಿಯಲ್ಲಿ ಗುಮಾಸ್ತ ಅರ್ಜಿಯನ್ನು ಹತ್ತಿರ ಹಿಡಿದು ಓದಿದ. ಆಮೇಲೆ ದೂರ ಹಿಡಿದು ಓದಿದ.

"ಇದು ಅಜ್ಜಿ ಹೆಸರಿನ ಕಾಲಂ ಅಲ್ಲ ಮೇಡಂ. ಮಗುವಿನ ಹೆಸರು ಬರೀಬೇಕು."

"ಮಗುವಿನದೇ ಅದು."

"ಈಗಿನ ಕಾಲದಲ್ಲಿ ಈ ಹೆಸರು ಯಾರು ಇಡ್ತಾರೆ?"

"ಯಾರೂ ಇಡಲ್ಲ. ಅದಕ್ಕೇ."

"ಶಾಲೇಲಿ ಮಕ್ಕಳು ಆಡ್ಕೋತಾರೆ, ಹೇಳಿದೀನಿ."

"ಆಡ್ಕೊಳ್ಳಲಿ. ಜೋರಾಗಿ ಆಡ್ಕೊಳ್ಳಲಿ."

ಗಂಡ ಪಕ್ಕದಲ್ಲಿ ನಿಂತು ಗುಮಾಸ್ತನಿಗೆ ತನ್ನದೇನೂ ಪಾತ್ರವಿಲ್ಲವೆಂಬಂತೆ ಕೈ ಆಡಿಸಿದ. ಮುದ್ರೆ ಬಿತ್ತು.

ಅದಾಗಿ ಆರು ವರ್ಷ. ಮನೆ ಬದಲಿಸುವ ಪ್ರಸ್ತಾಪ ಎರಡು ಸಲ ಬಂತು. ಅಮ್ಮ ಎರಡು ಸಲವೂ ಒಪ್ಪಲಿಲ್ಲ. ಬಸ್ ನಿಲ್ದಾಣದ ಹಿಂದಿನ ಬೀದಿಯೆಂದರೆ ಊರಿಗೆ ಬಂದವರೆಲ್ಲ ಒಮ್ಮೆಯಾದರೂ ತುಳಿಯುವ ದಾರಿ, ಇದಕ್ಕಿಂತ ಒಳ್ಳೆಯ ಜಾಗ ತೋರಿಸಿ ಎನ್ನುತ್ತಾಳೆ. ಮೈಕಮ್ಮ ಪಾಳಿ ಮುಗಿಸಿ ಬಂದು, ಚಹಾ ಕುಡಿದು, ಆರು ಗಂಟೆಗೆ ಹೊಸ್ತಿಲ ಹೊರಗೆ ನಿಂತು ಚಿಕ್ಕ ಮಗಳನ್ನು ಕೂಗುತ್ತಾಳೆ. ಆರು ಗಂಟೆಗೇ ಏಕೆಂದರೆ, ದೂರದ ಬಸ್ಸುಗಳು ಬಂದು ಜನ ಇಳಿದು ನಡೆಯುವ ಹೊತ್ತು ಅದು. ಅಕ್ಕಪಕ್ಕದವರು ಮೊದಮೊದಲು ಕಿಟಕಿ ತೆರೆದು ನೋಡುತ್ತಿದ್ದರು. ಈಗ ಗಡಿಯಾರ ಸರಿಮಾಡಿಕೊಳ್ಳುತ್ತಾರೆ.

ಒಳಗೆ ಬಂದಾಗ ಅಮ್ಮ ತಲೆಯೆತ್ತದೆ ಕೇಳುತ್ತಾಳೆ: "ಯಾರಾದ್ರೂ ನಿಂತ್ರಾ?"

"ಇಲ್ಲಮ್ಮ."

ಅಮ್ಮ ಇನ್ನೊಂದು ಅಂಗಿ ಕೈಗೆತ್ತಿಕೊಳ್ಳುತ್ತಾಳೆ. ಅಕ್ಕ ಬಂದಿಲ್ಲ. ಬದುಕಿದ್ದಾಳೋ ಇಲ್ಲವೋ, ತಿಳಿಯುವ ದಾರಿಯೂ ಇಲ್ಲ.

ಮೊನ್ನೆ ಮಗು ಬೀದಿಯಲ್ಲಿ ಇರಲೇ ಇಲ್ಲ. ಬಾಗಿಲ ಬದಿಯ ಮೆಟ್ಟಿಲ ಮೇಲೆ ಕೂತು, ಬೂಟಿನ ದಾರ ಬಿಚ್ಚುತ್ತಿತ್ತು. ತಾಯಿ ಅದರ ತಲೆಯ ಮೇಲಿನಿಂದಲೇ ಅದರ ಹೆಸರನ್ನು ಬೀದಿಯ ಕೊನೆಗೆ ಮುಟ್ಟುವಂತೆ ಕೂಗಿದಳು. ಮಗು ಎರಡೂ ಕಿವಿ ಮುಚ್ಚಿಕೊಂಡಿತು.

"ಯಾಕಮ್ಮ ಇಷ್ಟು ಜೋರಾಗಿ ಕೂಗ್ತೀಯ? ನಾನು ಇಲ್ಲೇ ಇದೀನಲ್ಲ!"

"ಗೊತ್ತು," ಎಂದಳು ಮೈಕಮ್ಮ. ಚೀಲಗಳನ್ನು ಹೊತ್ತ ನಾಲ್ಕಾರು ಜನ ತಿರುವಿನಲ್ಲಿ ಕಾಣಿಸಿಕೊಂಡಿದ್ದರು. "ನೀನು ಒಳಗೆ ನಡಿ. ನಾನು ಬಂದೆ."