ಮಾವನ ಎಂಜಿನ್ ಅಂಗಡಿಯಲ್ಲಿ ಸಿಗುವುದಿಲ್ಲ

ರೈಲಿನ ಹಳೆಯ ಡೀಸೆಲ್ ಎಂಜಿನಿನ ಮಾದರಿ ನಮ್ಮ ಸೀಮೆಯಲ್ಲಿ ಸಿಗುವುದಿಲ್ಲ. ಸಿಗುತ್ತದೆ ಎನ್ನುವವರು ತಂದು ತೋರಿಸಲಿ. ಪುತ್ತೂರಿನಲ್ಲಿ ಹುಡುಕಿದ್ದೇನೆ, ಸುಳ್ಯದಲ್ಲಿ ಹುಡುಕಿದ್ದೇನೆ, ಕಡಬದ ಫ್ಯಾನ್ಸಿ ಅಂಗಡಿಗಳಲ್ಲಿ ಕೇಳಿ ನಗಿಸಿ ಬಂದಿದ್ದೇನೆ.

ದರ್ಬೆಯ ಒಂದು ಆಟದ ಸಾಮಾನಿನ ಅಂಗಡಿಯವರು ಮಾತ್ರ ಬಹಳ ಉತ್ಸಾಹ ತೋರಿಸಿದರು.

"ರೈಲು ಅಲ್ವಾ? ಉಂಟು ಉಂಟು" ಎಂದು ಒಂದು ಪೆಟ್ಟಿಗೆ ಇಳಿಸಿದರು. ಒಳಗೆ ಕೆಂಪು ಪ್ಲಾಸ್ಟಿಕ್ಕಿನ ಎಂಜಿನ್, ತಲೆಯ ಮೇಲೆ ಹೊಗೆಕೊಳವೆ. ಗುಂಡಿ ಒತ್ತಿದರೆ ಲೈಟು ಮಿಣುಕುತ್ತದೆ, ಹಾಡು ಬರುತ್ತದೆ.

"ಇದು ಕಲ್ಲಿದ್ದಲಿನದ್ದು. ನನಗೆ ಡೀಸೆಲಿನದ್ದು ಬೇಕು."

"ಡೀಸೆಲ್ ಎಲ್ಲ ಹಾಕ್ಲಿಕ್ಕಿಲ್ಲ ಮಾರಾಯ್ರೆ, ಇದು ಬ್ಯಾಟರಿಯಲ್ಲಿ ಓಡುದು. ಮಗುವಿಗೆ ಎಷ್ಟು ವರ್ಷ ಆಯ್ತು?"

"ಅರುವತ್ತೊಂದು."

ಅವರು ಪೆಟ್ಟಿಗೆ ಮುಚ್ಚಿದರು.

ಆ ಮಗು ನನ್ನ ಮಾವ, ಅಮ್ಮನ ಅಣ್ಣ. ನಮ್ಮಲ್ಲಿ ಮಾವ ಎಂದರೆ ಅಪ್ಪನಿಗಿಂತ ಒಂದು ಕೈ ಮೇಲೆ. ರೈಲಿನ ಡ್ರೈವರ್ ಆಗಿದ್ದವರು. ಶಿರಾಡಿಯ ಘಾಟಿ ಹತ್ತಬೇಕಾದರೆ ರೈಲಿಗೆ ಮುಂದಿನ ಎಂಜಿನ್ ಮಾತ್ರ ಸಾಲುವುದಿಲ್ಲ, ಹಿಂದಿನಿಂದ ದೂಡಲು ಬೇರೆ ಎಂಜಿನ್ ಬೇಕು. ಅದನ್ನು ನೆಟ್ಟಣದ ಸ್ಟೇಷನ್ನಿನಲ್ಲಿ ಹಿಂದಕ್ಕೆ ಕಟ್ಟುತ್ತಿದ್ದರು. ಮಾವನ ಕೆಲಸದ ಹೆಚ್ಚಿನ ವರ್ಷಗಳು ಹೋದದ್ದು ಹೀಗೆ, ರೈಲಿನ ಹಿಂದೆ. ಗುಂಡ್ಯದಲ್ಲಿ ಬಸ್ಸಿಗೆ ಕಾಯುವಾಗ ಮೇಲೆ ಕಾಡಿನೊಳಗೆ ಎಂಜಿನ್ ದಮ್ಮು ಕಟ್ಟಿ ಹತ್ತುವುದು ಕೇಳಿದರೆ ಅಮ್ಮ, "ನಿನ್ನ ಮಾವ ಹೋಗುದು ನೋಡು" ಎನ್ನುತ್ತಿದ್ದರು. ಕಾಣುತ್ತಿದ್ದದ್ದು ಹೊಗೆ ಮಾತ್ರ.

ಸಣ್ಣದಿರುವಾಗ ನಾನು ರೈಲಿನ ಚಿತ್ರದಲ್ಲಿ ಎಂಜಿನನ್ನು ಕೊನೆಗೆ ಬಿಡಿಸುತ್ತಿದ್ದೆ. ಟೀಚರ್ ತಪ್ಪು ಹಾಕಿದರು. ನಾನು ತಿದ್ದಲಿಲ್ಲ. ಈಗಲೂ ತಿದ್ದುವುದಿಲ್ಲ. ಒಂಬತ್ತನೆಯದರಲ್ಲಿ ಶಾಲೆ ಬಿಟ್ಟೆ. ಕಾಣಿಯೂರಿನ ಹತ್ತಿರ ಒಂದು ವರ್ಕ್‌ಶಾಪಿನಲ್ಲಿ ಗೇಟು ವೆಲ್ಡಿಂಗ್ ಮಾಡುತ್ತೇನೆ, ಪಂಪು ಬಿಚ್ಚುತ್ತೇನೆ.

ಮಾವ ನಿವೃತ್ತರಾಗುವ ಹೊತ್ತಿಗೆ ಹಳಿಯ ಮೇಲೆ ತಂತಿ ಎಳೆಯುವ ಕೆಲಸ ಶುರುವಾಗಿತ್ತು. ಈಗ ಕರೆಂಟಿನ ಎಂಜಿನ್ ಬಂದಿದೆ. ಹೊಗೆ ಇಲ್ಲ, ಸದ್ದು ಕಡಿಮೆ. ಒಳ್ಳೆಯದೇ ಇರಬಹುದು. ನನಗೆ ಅದರ ಮೇಲೆ ಸಿಟ್ಟಿಲ್ಲ. ಸಿಟ್ಟು ಬಂದದ್ದು ಆಯುಧ ಪೂಜೆಯ ದಿನ.

ಡ್ಯೂಟಿಯಲ್ಲಿ ಇರುವವರೆಗೆ ಮಾವ ಆಯುಧ ಪೂಜೆ ಮಾಡುತ್ತಿದ್ದದ್ದು ಎಂಜಿನಿಗೆ. ಮನೆಯ ಕತ್ತಿ, ಹಾರೆ, ಸ್ಕೂಟರು ಎಲ್ಲ ಅತ್ತೆಯ ಪಾಲಿಗೆ. ಮಾವ ಬೆಳಿಗ್ಗೆಯೇ ಅಡಿಕೆಯ ಹಿಂಗಾರ, ಸೇವಂತಿಗೆ ಮಾಲೆ ಚೀಲಕ್ಕೆ ಹಾಕಿ ಹೊರಡುತ್ತಿದ್ದರು. ಕುಂಕುಮ ಹಚ್ಚಿ, ಗಾಲಿಯ ಅಡಿಗೆ ಲಿಂಬೆಹುಳಿ ಇಟ್ಟು, ಅದನ್ನು ಚಪ್ಪಟೆ ಮಾಡಿಯೇ ಎಂಜಿನ್ ಹೊರಡಬೇಕು. ನಿವೃತ್ತರಾದ ಮೇಲಿನ ಮೊದಲ ಪೂಜೆಯ ದಿನ ಅತ್ತೆ ಪಾಪ, ಏನಾದರೂ ಇರಲಿ ಎಂದು ಅವರ ಡ್ಯೂಟಿಯ ಟಾರ್ಚನ್ನು ತೊಳೆದು ಕತ್ತಿಗಳ ಪಕ್ಕ ಇಟ್ಟಿದ್ದರು. ಮಾವ ಅದನ್ನು ತೆಗೆದು ಕಿಟಕಿಯಲ್ಲಿಟ್ಟರು.

"ಟಾರ್ಚಿಗೆಲ್ಲ ಎಂತ ಪೂಜೆ? ನನಗೀಗ ಎಂಜಿನ್ ಇಲ್ಲ. ನೀವು ಮಾಡಿ" ಎಂದು ಹೇಳಿ ಜಗಲಿಯಲ್ಲಿ ಹೋಗಿ ಕೂತರು. ಅವಲಕ್ಕಿ ಪ್ರಸಾದ ಕೊಟ್ಟರೆ ಹೊಟ್ಟೆ ಸರಿಯಿಲ್ಲ ಎಂದರು. ಹೊಟ್ಟೆಗೆ ಏನೂ ಆಗಿರಲಿಲ್ಲ.

ಬರುವ ವರ್ಷ ಈ ಅಂಗಳದಲ್ಲಿ ಒಂದು ಎಂಜಿನ್ ಇರಬೇಕು ಎಂದು ನಾನು ಅಲ್ಲೇ ತೀರ್ಮಾನ ಮಾಡಿದೆ. ಮಾವ ಅದಕ್ಕೆ ತಮ್ಮ ಕೈಯಾರೆ ಕುಂಕುಮ ಹಚ್ಚಬೇಕು.

ಅಂಗಡಿಗಳ ಕತೆ ಹೇಳಿಯಾಯಿತು. ಮತ್ತೆ ಮೊಬೈಲಿನಲ್ಲಿ ಹುಡುಕಿದೆ. ವಿದೇಶದ ಡೀಸೆಲುಗಳು ಬೇಕಾದಷ್ಟು ಉಂಟು. ಒಂದಕ್ಕಿಂತ ಒಂದು ಚೆಂದ. ಬಾಗಿಲು ತೆರೆಯುತ್ತದೆ, ಒಳಗೆ ಡ್ರೈವರನ ಕುರ್ಚಿ ಕಾಣುತ್ತದೆ. ಆದರೆ ಅವು ಯಾವುದೂ ನಮ್ಮ ಘಾಟಿ ಹತ್ತಿದವಲ್ಲ. ನಮ್ಮ ದೇಶದ ಹಳೆಯ ಡೀಸೆಲ್ ಮಾಡುವವರು ಅಲ್ಲಿ ಇಲ್ಲಿ ಕೆಲವರು ಇದ್ದಾರಂತೆ. ಕೆಲವನ್ನೇ ಮಾಡುತ್ತಾರೆ, ಮಾಡುವ ಮೊದಲೇ ಮುಗಿದುಹೋಗುತ್ತದೆ.

ಮಾದರಿ ರೈಲು ಸಂಗ್ರಹಿಸುವವರ ಒಂದು ವಾಟ್ಸಾಪ್ ಗುಂಪಿಗೆ ಸೇರಿದೆ. ಎಲ್ಲ ದೊಡ್ಡ ಊರಿನವರು. ಹಳೆಯ ಡೀಸೆಲ್ ಎಲ್ಲಿ ಸಿಗುತ್ತದೆ ಎಂದು ಕನ್ನಡದಲ್ಲೇ ಕೇಳಿದೆ. ಯಾವ ಸ್ಕೇಲಿನದ್ದು ಬೇಕು ಎಂದು ಒಬ್ಬ ಕೇಳಿದ. ಸಿಗುವ ಸ್ಕೇಲಿನದ್ದು ಎಂದೆ. ನಗುವ ಮುಖಗಳು ಸಾಲಾಗಿ ಬಂದವು. ನಗಲಿ. ಸಿಗದೆ ಇರುವ ಸಾಮಾನಿಗೆ ಅಳತೆ ಕೇಳುವವನ ಬಗ್ಗೆ ನಾನು ನಗಲಿಲ್ಲ, ಅಷ್ಟು ಮರ್ಯಾದೆ ಇಟ್ಟುಕೊಂಡೆ.

ಕೊನೆಗೆ ಅವರಲ್ಲೇ ಒಬ್ಬ ತನ್ನ ಹತ್ತಿರ ಇದ್ದ ಒಂದನ್ನು ಮಾರಿದ. ಎಷ್ಟು ಕೊಟ್ಟೆ ಎಂದು ಅಮ್ಮನಿಗೂ ಹೇಳಿಲ್ಲ, ಇಲ್ಲಿಯೂ ಹೇಳುವುದಿಲ್ಲ. ಫೋಟೋದಲ್ಲಿ ಫಳಫಳ ಹೊಳೆಯುತ್ತಿತ್ತು. ಪಾರ್ಸೆಲ್ ಬಂದಾಗಲೂ ಹೊಳೆಯುತ್ತಿತ್ತು. ಗೇಣುದ್ದದ ಎಂಜಿನ್. ಪಕ್ಕದ ಕೈಹಿಡಿ ಮುರಿದದ್ದನ್ನು ಗಮ್ ಹಾಕಿ ಅಂಟಿಸಿದ್ದರು, ಮುಟ್ಟಿದ ಕೂಡಲೇ ಬಂತು. ಎತ್ತಿದರೆ ಭಾರವೇ ಇಲ್ಲ, ಖಾಲಿ ಬೆಂಕಿಪೆಟ್ಟಿಗೆ ಎತ್ತಿದ ಹಾಗೆ.

ಆದರೂ ಮಾವನ ಕೈಗೆ ಕೊಟ್ಟೆ. ಅವರು ಕನ್ನಡಕ ಹಾಕಿ ತಿರುಗಿಸಿ ಅಡಿ ನೋಡಿದರು.

"ಚೆಂದ ಉಂಟು. ಯಾವ ಊರಿಂದು?"

"ನಮ್ಮದೇ ಮಾವ. ನೀವು ಓಡಿಸಿದ್ದು."

"ನಾನು ಓಡಿಸಿದ್ರಲ್ಲಿ ಅಡಿಯ ಒಂದೊಂದು ಚೌಕಟ್ಟಿಗೆ ಮೂರು ಜೊತೆ ಗಾಲಿ. ಎರಡು ಹತ್ತಿರ ಹತ್ತಿರ, ಒಂದು ಸ್ವಲ್ಪ ದೂರ. ಇದರಲ್ಲಿ ಮೂರೂ ಸಮ ಸಮ ಉಂಟಲ್ಲ. ಬೇರೆ ಯಾವುದೋ ಎಂಜಿನಿನ ಕಾಲು ತಂದು ಜೋಡಿಸಿದ್ದಾರೆ."

"ಬೇಡ ಆದ್ರೆ ವಾಪಸ್ ಕಳಿಸ್ತೇನೆ."

"ಬೇಡ ಬೇಡ, ಇರ್ಲಿ. ಪ್ರೀತಿಯಲ್ಲಿ ತಂದಿದ್ದಿ" ಎಂದು ಹೇಳಿ ಅದನ್ನು ಶೋಕೇಸಿನಲ್ಲಿಟ್ಟರು. ಮಾವನ ಮಗಳ ಮದುವೆಯಲ್ಲಿ ಬಂದ ಗಾಜಿನ ಬಾತುಕೋಳಿಗಳ ನಡುವೆ. ಆ ಶೋಕೇಸಿಗೆ ಹೋದದ್ದನ್ನು ಮತ್ತೆ ಯಾರೂ ಮುಟ್ಟುವುದಿಲ್ಲ.

ಇನ್ನು ಯಾರನ್ನೂ ಕೇಳುವುದಿಲ್ಲ, ನಾನೇ ಮಾಡುತ್ತೇನೆ ಎಂದು ಆ ದಿನ ಹೊರಟೆ.

ಸಣ್ಣದಾಗಿ ಮಾಡಲು ನನ್ನ ಕೈಗೆ ಬರುವುದಿಲ್ಲ. ಗೇಟು ಮಾಡುವ ಕೈ. ಹಾಗಾಗಿ ಎರಡು ಅಡಿ ಉದ್ದಕ್ಕೆ ಮಾಡಿದೆ. ಒಡಲಿಗೆ ಸೂರಿನ ನೀರು ಹರಿಯುವ ದಂಬೆ ಮಾಡಿ ಉಳಿದ ತಗಡು. ಗಾಲಿಗಳನ್ನು ಕಬ್ಬಿಣದ ಶಾಫ್ಟಿನಿಂದ ಲೇತಿನಲ್ಲಿ ಕಡೆದೆ. ಎರಡು ಹತ್ತಿರ, ಒಂದು ದೂರ. ಗುಜರಿಯ ಕಾರಿನಿಂದ ತೆಗೆದ ವೈಪರ್ ಮೋಟರು, ಗಾಲಿಯಿಂದ ಗಾಲಿಗೆ ಬೈಕಿನ ಟೈಮಿಂಗ್ ಚೈನು, ಕೈಹಿಡಿಗೆ ಸೈಕಲ್ ಕಡ್ಡಿ. ತೋಟಕ್ಕೆ ಮದ್ದು ಬಿಡುವ ಸ್ಪ್ರೇಯರಿನ ಬ್ಯಾಟರಿ ಎಂಜಿನಿನ ಉದ್ದ ಮೂಗಿನೊಳಗೆ ಸರಿಯಾಗಿ ಕೂತಿತು. ಉಳಿದ ಜಾಗಕ್ಕೆಲ್ಲ ಹಾಳಾದ ಬೇರಿಂಗ್ ತುಂಬಿಸಿದೆ. ಭಾರ ಬೇಕು. ಭಾರ ಇಲ್ಲದ್ದು ಎಂಜಿನ್ ಅಲ್ಲ. ಮಾದರಿಯ ಗುಣಮಟ್ಟ ನೋಡುವವರು ಮೊದಲು ಪೈಂಟು ನೋಡುತ್ತಾರೆ. ನಾನು ಮೊದಲು ಎತ್ತಿ ನೋಡುತ್ತೇನೆ.

ವರ್ಕ್‌ಶಾಪಿನ ಧನಿ ದಿನಾ ಬಂದು ನೋಡುತ್ತಿದ್ದರು. ಕೆಲಸ ಮುಗಿಸಿಯೇ ಮಾಡುತ್ತಿದ್ದೆ, ಹಾಗಾಗಿ ಬೈಯಲು ಆಗುತ್ತಿರಲಿಲ್ಲ. ಬಾಯಿ ಮಾತ್ರ ಬಿಡುತ್ತಿದ್ದರು.

"ಎಂತ ಮಾರಾಯ, ಇದ್ರಲ್ಲಿ ಟಿಕೆಟು ಯಾವಾಗ ಕೊಡ್ಲಿಕ್ಕೆ ಶುರು?"

"ನಿಮಗೆ ಫ್ರೀ, ಧನಿ. ಮೇಲೆ ಕೂತ್ಕೊಳ್ಳಿ. ಭಾರ ಸಾಲುದಿಲ್ಲ ಹೇಗೂ."

"ಆಟದ ಸಾಮಾನಿಗೆ ಇಷ್ಟು ಕಬ್ಬಿಣ ಹಾಕಿದ್ರೆ ಮಕ್ಕಳು ಕಾಲಿನ ಮೇಲೆ ಹಾಕ್ಕೊಳ್ತಾರೆ."

"ಆಟದ ಸಾಮಾನಲ್ಲ ಇದು. ಆಯುಧ ಪೂಜೆಗೆ."

ಅವರು ಜೋರಾಗಿ ನಕ್ಕರು. "ದುಡಿಯುವ ಸಾಮಾನಿಗೆ ಪೂಜೆ ಮಾಡುದು ಮಾರಾಯ. ನಿನ್ನ ಮಾವ ನಿಜವಾದ ಎಂಜಿನ್ ಓಡಿಸಿದ ಜನ, ಇದನ್ನು ಕಂಡು ಅವ್ರಿಗೆ ಬೇಜಾರಾದೀತು, ನೋಡು."

ಅದೊಂದು ಮಾತು ಒಳಗೆ ಹೋಯಿತು. ಹೊರಗೆ ತೋರಿಸಲಿಲ್ಲ. "ಆ ದಿನ ಬನ್ನಿ, ನೋಡುವ" ಎಂದೆ.

ಕಡು ಕೆಂಪು ಬಳಿದು ಹಳದಿ ಪಟ್ಟಿ ಎಳೆದೆ. ಹೊಳಪು ಹೋಗಲಿ ಎಂದು ಮೇಲಿನಿಂದ ಮಸಿ, ಗ್ರೀಸು ತಿಕ್ಕಿದೆ. ಗುಂಪಿಗೆ ಫೋಟೋ ಹಾಕಿದರೆ, ಕೆಲಸ ಪರವಾಗಿಲ್ಲ, ಆದರೆ ಫಿನಿಶಿಂಗ್ ಇಲ್ಲ, ತೊಳೆದು ಪಾಲಿಶ್ ಮಾಡಿ ಕೊಟ್ಟರೆ ತೆಗೆದುಕೊಳ್ಳುತ್ತೇನೆ ಎಂದು ಒಬ್ಬ ಬರೆದ. ಘಾಟಿ ಹತ್ತಿ ಬಂದ ಎಂಜಿನನ್ನು ಆ ಮನುಷ್ಯ ನೋಡಿಯೇ ಇಲ್ಲ. ಮಾರಲಿಕ್ಕಿಲ್ಲ ಎಂದು ಬರೆದು ಗುಂಪಿನಿಂದ ಹೊರಗೆ ಬಂದೆ.

ಪೂಜೆಯ ದಿನ ವರ್ಕ್‌ಶಾಪಿನ ಪೂಜೆ ಬೆಳಿಗ್ಗೆ ಮುಗಿಯಿತು. ಮಧ್ಯಾಹ್ನದ ಮೇಲೆ ಎಂಜಿನನ್ನು ಗೋಣಿಯಲ್ಲಿ ಸುತ್ತಿ ಮಾವನ ಅಂಗಳಕ್ಕೆ ತಂದೆ. ನಾನು ಕರೆದ ಹಾಗೆಯೇ ಧನಿ ಬಂದು ಜಗಲಿಯಲ್ಲಿ ಅವಲಕ್ಕಿ ತಿನ್ನುತ್ತಾ ಕೂತಿದ್ದರು. ಅಡಿಕೆ ಮರ ಸೀಳಿದ ಸಲಕೆಗಳ ಮೇಲೆ ಚೌಕದ ಸರಳು ಕೂರಿಸಿ ಮಾಡಿದ ಹಳಿಯನ್ನು ಮೆಟ್ಟಿಲ ಬುಡದಿಂದ ತುಳಸಿಕಟ್ಟೆಯವರೆಗೆ ಹಾಸಿದೆ. ಅಂಗಳ ಆ ಕಡೆಗೆ ಸ್ವಲ್ಪ ಏರು. ಎಂಜಿನನ್ನು ಹಳಿಗೆ ಇಳಿಸಿದೆ.

ಮಾವ ಮೆಟ್ಟಿಲಿಳಿದು ಬಂದು ಕುಕ್ಕರುಗಾಲಿನಲ್ಲಿ ಕೂತರು. ಅಡಿಗೆ ಬಗ್ಗಿ ಗಾಲಿ ನೋಡಿದರು. ಎರಡು ಹತ್ತಿರ, ಒಂದು ದೂರ. ಮಸಿ ಮುಟ್ಟಿ ಬೆರಳು ಮೂಸಿದರು. ಅತ್ತೆ ಕುಂಕುಮದ ಬಟ್ಟಲು ಹಿಡಿದು ನಿಂತಿದ್ದರು. ಮಾವ ಕೈ ಚಾಚಲಿಲ್ಲ.

"ಲಿಂಬೆಹುಳಿ ತರ್ಲಾ?" ಎಂದರು ಅತ್ತೆ.

"ಲಿಂಬೆಹುಳಿ ಗಾಲಿಯಷ್ಟೇ ದೊಡ್ಡ ಉಂಟು ಅತ್ತೆ" ಎಂದೆ. ಅದರ ಬದಲಿಗೆ ತೆಂಗಿನ ಮರಕ್ಕೆ ಹಬ್ಬಿದ್ದ ಕರಿಮೆಣಸಿನ ಬಳ್ಳಿಯಿಂದ ಒಂದು ಗೊನೆ ಹಸಿ ಮೆಣಸು ಕೊಯ್ದು ತಂದೆ. ಎದುರಿನ ಗಾಲಿಗಳ ಮುಂದೆ, ಎರಡೂ ಹಳಿಯ ಮೇಲೆ ಒಂದೊಂದು ಕಾಳು ಇಟ್ಟೆ.

"ಪೂಜೆಯಾ, ಸಾರಿಗೆ ಒಗ್ಗರಣೆಯಾ?" ಎಂದರು ಧನಿ.

ಸ್ವಿಚ್ಚು ಹಾಕಿದೆ. ಮೋಟರು ಗುರುಗುಟ್ಟಿತು. ಎಂಜಿನ್ ಮುಂದೆ ಹೋಗಿ ಮೆಣಸಿಗೆ ತಾಗಿತು. ನಿಂತಿತು. ಗಾಲಿಗಳು ನಿಂತಲ್ಲೇ ಗರಗರ ತಿರುಗಲು ಶುರುವಾದವು. ಏರು, ಮೇಲೆ ನಾನು ಹಚ್ಚಿದ ಗ್ರೀಸು ಹಳಿಗೂ ತಾಗಿತ್ತು.

"ಆಯ್ತಲ್ಲ" ಎಂದರು ಧನಿ, ಬಾಯಿಯಲ್ಲಿ ಅವಲಕ್ಕಿ ಇಟ್ಟುಕೊಂಡೇ. "ನಾನು ಹೇಳ್ಲಿಲ್ವಾ? ಒಂದು ಮೆಣಸಿನ ಕಾಳು ದಾಟ್ಲಿಕ್ಕೆ ಆಗುದಿಲ್ಲ, ಘಾಟಿ ಹತ್ತುದಂತೆ!"

ನಾನು ಹಿಂದಿನಿಂದ ಕೈಯಲ್ಲಿ ದೂಡಲು ಬಗ್ಗಿದೆ.

"ಕೈ ತೆಗಿ!"

ಮಾವ ಬೊಬ್ಬೆ ಹಾಕಿದ ರೀತಿಗೆ ಅತ್ತೆಯ ಕೈಯ ಬಟ್ಟಲು ಅಲುಗಿತು.

"ಎಂಜಿನಿಗೆ ಕೈ ಹಾಕಿ ದೂಡುದಾ? ಬಂದ್ ಮಾಡು ಮೊದಲು. ಸ್ಲಿಪ್ ಆಗುವಾಗ ಹಾಗೆ ತಿರುಗಿಸ್ತಾ ಇದ್ರೆ ಗಾಲಿ ತಿನ್ತದೆ, ಹಳಿ ತಿನ್ತದೆ. ಸ್ಯಾಂಡ್ ಕೊಡ್ಬೇಕು."

ಸ್ಯಾಂಡ್ ಎಂದರೆ ಬರೇ ಹೊಯ್ಗೆ. ಘಾಟಿಯಲ್ಲಿ ಗಾಲಿ ಜಾರಿದರೆ ಎಂಜಿನಿನ ಒಳಗಿನಿಂದ ಹಳಿಯ ಮೇಲೆ ಹೊಯ್ಗೆ ಉದುರಿಸುತ್ತಾರೆ. ನನ್ನ ಎಂಜಿನಿನಲ್ಲಿ ಅದಕ್ಕೆ ವ್ಯವಸ್ಥೆ ಇರಲಿಲ್ಲ. ಮಾವ ಎದ್ದು ಬಾವಿಕಟ್ಟೆಯ ಹತ್ತಿರದ ರಾಶಿಯಿಂದ ಒಂದು ಮುಷ್ಟಿ ಹೊಯ್ಗೆ ತಂದರು. ಕಲ್ಲು ಹೆಕ್ಕಿ ಬಿಸಾಡಿದರು. ಮತ್ತೆ ಎರಡು ಬೆರಳಿನ ಸಂದಿಯಿಂದ, ರಂಗೋಲಿ ಹಾಕುವ ಹಾಗೆ, ಗಾಲಿಗಳ ಅಡಿಗೆ ಗೆರೆ ಎಳೆದರು.

"ಈ ಧನಿಗೆ ಗೊತ್ತಿಲ್ಲ" ಎಂದರು, ಹಳಿಯಿಂದ ಕಣ್ಣು ತೆಗೆಯದೆ. "ಹೊರೆ ಎಳಿಯುವ ಎಂಜಿನಿಗೆ ಸ್ಲಿಪ್ ಆಗ್ಲೇಬೇಕು ಒಂದೊಂದು ಸಲ. ಆಟದ ಸಾಮಾನು ಸ್ಲಿಪ್ ಆಗುದಿಲ್ಲ ಮಾರಾಯ್ರೆ, ಕವುಚಿ ಬೀಳ್ತದೆ ಅಷ್ಟೆ. ಹ್ಞಾಂ, ಈಗ ಕೊಡು. ಮೆಲ್ಲ."

"ಮೆಲ್ಲ ಕೊಡ್ಲಿಕ್ಕೆ ಇಲ್ಲ ಮಾವ. ಒಂದೇ ಸ್ವಿಚ್ಚು."

"ನಾಚ್ ಇಲ್ವಾ? ಒಂದು, ಎರಡು, ಮೂರು ಅಂತ ಏರಿಸ್ಲಿಕ್ಕೆ? ಎಂತ ಎಂಜಿನ್ ಮಾಡಿದ್ದಿ ನೀನು! ಬರುವ ವರ್ಷಕ್ಕೆ ಮಾಡು. ಸ್ಯಾಂಡಿಗೂ ಒಂದು ಪೈಪು ಇಡು."

"ಇಡ್ತೇನೆ."

ಸ್ವಿಚ್ಚು ಹಾಕಿದೆ. ಗಾಲಿ ಒಮ್ಮೆ ಕರಕರ ಎಂದಿತು, ಹೊಯ್ಗೆ ಕಚ್ಚಿತು. ಎರಡು ಕಾಳೂ ಅಪ್ಪಚ್ಚಿಯಾದವು. ಹಸಿ ಮೆಣಸಿನ ಘಾಟು ಮೂಗಿಗೆ ಬಡಿಯಿತು. ಎಂಜಿನ್ ಏರು ಹತ್ತಿ ತುಳಸಿಕಟ್ಟೆಯ ಹತ್ತಿರ ಹೋಗುವಾಗ ಮಾವ ಅದರ ಪಕ್ಕದಲ್ಲೇ ಬಗ್ಗಿ ಬಗ್ಗಿ ನಡೆಯುತ್ತಿದ್ದರು, ಗಾಲಿಯಿಂದ ಕಣ್ಣು ತೆಗೆಯದೆ. ಧನಿ ಸೀನಿದರು.

"ಕುಂಕುಮ ತಾ" ಎಂದರು ಮಾವ ಅತ್ತೆಗೆ. "ಮೊದಲೇ ಹಾಕ್ಬೇಕಿತ್ತು. ಎಲ್ಲ ಉಲ್ಟಾ ಆಯ್ತು."

ಉದ್ದ ಮೂಗಿಗೆ, ಕ್ಯಾಬಿನ್ನಿಗೆ, ಒಂದೊಂದು ಗಾಲಿಗೂ ಹಚ್ಚಿದರು. ಹಿಂಗಾರದ ಒಂದು ಎಸಳು ಮುರಿದು ಎದುರಿಗೆ ಸಿಕ್ಕಿಸಿದರು. ಕೈ ಮುಗಿದರು. ಮತ್ತೆ ಧನಿಯ ಪಕ್ಕ ಕೂತು ಎರಡು ಸಲ ಅವಲಕ್ಕಿ ಹಾಕಿಸಿಕೊಂಡರು.

ಸಂಜೆ ನಾನು ಹಳಿ ಬಿಚ್ಚುವಾಗ ಅತ್ತೆ, "ಇದನ್ನೂ ಶೋಕೇಸಿಗೆ ಇಡುವಾ? ಬಾತುಕೋಳಿ ಎಲ್ಲ ತೆಗಿಬೇಕು ಹಾಗಾದ್ರೆ" ಎಂದರು.

ಮಾವ ಒಳಗಿನಿಂದಲೇ ಹೇಳಿದರು: "ಎಂಜಿನನ್ನು ಯಾರಾದ್ರೂ ಗಾಜಿನ ಒಳಗೆ ಇಡ್ತಾರಾ? ಶೆಡ್ಡಿಗೆ ಹಾಕ್ಲಿಕ್ಕೆ ಹೇಳು."

ಸ್ಕೂಟರಿನ ಶೆಡ್ಡು. ನಾನು ಸ್ಕೂಟರನ್ನು ಹೊರಗೆ ಎಳೆದು, ಎಂಜಿನನ್ನು ಒಳಗೆ ಇಟ್ಟೆ.