ಮನಶ್ಶಾಸ್ತ್ರದ ಕಮಲಕ್ಕ

ಎದುರಿಗಿದ್ದವರು ಸಿಟ್ಟು ಮಾಡಲಿ, ಅಳಲಿ, ಮುನಿಸಿಕೊಂಡು ಊಟ ಬಿಡಲಿ, ಕಮಲಕ್ಕ ಮೊದಲು ಕನ್ನಡಕ ತೆಗೆಯುತ್ತಿದ್ದರು. ಸೆರಗಿನ ತುದಿಯಿಂದ ಅದನ್ನು ನಿಧಾನಕ್ಕೆ ಒರೆಸುತ್ತ, "ಅದಕ್ಕಿಂತ ಮೊದಲ ಏನಾಗಿತ್ತು?" ಎಂದು ಕೇಳುತ್ತಿದ್ದರು. ಯಾರನ್ನೂ ಅವರು "ಯಾಕ ಹಿಂಗ ಮಾಡಿದಿ" ಎಂದು ಕೇಳಿದ್ದು ನನಗೆ ನೆನಪಿಲ್ಲ. "ಯಾಕ ಅಂತ ಕೇಳಿದ್ರ ಮಂದಿ ವಕೀಲರಾಗಿಬಿಡ್ತಾರವಾ. ಏನಾತು ಅಂದ್ರ ಹೇಳ್ತಾರ" ಎನ್ನುವುದು ಅವರ ಸಮಜಾಯಿಷಿ.

ರೋಣದ ಬಿ.ಇಡಿ. ಕಾಲೇಜಿನಲ್ಲಿ ಅವರು ಮನಶ್ಶಾಸ್ತ್ರ ಕಲಿಸುತ್ತಿದ್ದರು, ನಾನು ಕನ್ನಡ. ಇಬ್ಬರ ಮನೆಯೂ ನರಗುಂದದಲ್ಲಿ. ದಿನಾ ಒಂದೇ ಬಸ್ಸಿಗೆ ಹೋಗಿ ಒಂದೇ ಬಸ್ಸಿಗೆ ಬರುತ್ತಿದ್ದೆವು. ಕಮಲಕ್ಕ ಮದುವೆಯಾಗಿರಲಿಲ್ಲ. ವಯಸ್ಸಿನಲ್ಲಿ ನನಗಿಂತ ಬಹಳ ದೊಡ್ಡವರು, ನಿವೃತ್ತಿಗೆ ಹತ್ತಿರ ಬಂದಿದ್ದರು. ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕರೂ ಹೊರಗೆ ನೋಡುತ್ತಿರಲಿಲ್ಲ, ಒಳಗಿನವರನ್ನು ನೋಡುತ್ತಿದ್ದರು.

ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಹೊಸತು. ಆಧಾರ್ ಕಾರ್ಡು ತೆಗೆಯಲು ತಡಮಾಡಿದ ಮುದುಕಿಯೊಬ್ಬಳನ್ನು ಕಂಡಕ್ಟರ್ ಬಾಯಿಗೆ ಬಂದಂತೆ ಗದರಿಸಿದ. "ಎಷ್ಟ ಸೊಕ್ಕ ನೋಡ್ರಿ ಅವಗ" ಎಂದೆ ನಾನು. ಕಮಲಕ್ಕ ಅವನು ನಮ್ಮ ಹತ್ತಿರ ಬಂದಾಗ, "ತಮ್ಮಾ, ಮುಂಜಾನೆ ಚಾ ಆಗೇತೇನಪಾ?" ಎಂದು ಕೇಳಿದರು. ಅವನು ತಬ್ಬಿಬ್ಬಾದ. ಸ್ವಲ್ಪ ಹೊತ್ತಿನ ಮೇಲೆ ತಾನೇ ಬಂದು ಹಿಂದಿನ ಕಂಬಿಗೆ ಒರಗಿ ನಿಂತು, ಮಗಳನ್ನು ದವಾಖಾನೆಯಲ್ಲಿ ಬಿಟ್ಟು ಡ್ಯೂಟಿಗೆ ಬಂದಿದ್ದಾಗಿ ಹೇಳಿದ. ಇಳಿಯುವಾಗ ಆ ಮುದುಕಿಯ ಗಂಟನ್ನು ಅವನೇ ಇಳಿಸಿಕೊಟ್ಟ.

"ನೋಡವಾ, ನಾವು ತಡಾ ಮಾಡಿದ್ರ ಬಸ್ಸು ತಡಾ ಆತು ಅಂತೀವಿ. ಮಂದಿ ತಡಾ ಮಾಡಿದ್ರ ಮೈಗಳ್ಳ ಅಂತೀವಿ," ಎಂದರು ಕಮಲಕ್ಕ ಕಾಲೇಜಿನ ದಾರಿಯಲ್ಲಿ. "ನಮ್ಮ ಹಿಂದ ಏನೈತಿ ಅನ್ನೋದು ನಮಗ ಕಾಣ್ತೈತಿ. ಅವರ ಹಿಂದ ಇರೋದು ಕಾಣಂಗಿಲ್ಲ. ಅಷ್ಟ." ಅವರ ಅರ್ಧ ಪಾಠ ಹೀಗೆ ರಸ್ತೆಯಲ್ಲೇ ಆಗುತ್ತಿತ್ತು. ಪುಸ್ತಕದ ದೊಡ್ಡ ದೊಡ್ಡ ಪದಗಳನ್ನು ಅವರು ಪರೀಕ್ಷೆಗೆ ಮಾತ್ರ ಬಳಸುತ್ತಿದ್ದರು.

ಅವರ ಈ ವಿದ್ಯೆ ನಮ್ಮ ಮನೆಯೊಳಕ್ಕೂ ಬಂತು. ನಮ್ಮಪ್ಪ ಊರಿನ ದಲಾಲಿ ಅಂಗಡಿಯಲ್ಲಿ ಕಾಳು ನೋಡಿ ದರ ಕಟ್ಟುವ ಕೆಲಸದಲ್ಲಿ ಆಯುಷ್ಯ ಕಳೆದವರು. ಹುಬ್ಬಳ್ಳಿಯಲ್ಲಿ ಹೃದಯದ ಚಿಕಿತ್ಸೆ ಮಾಡಿಸಿಕೊಂಡು ಬಂದ ಮೇಲೆ ಪಡಸಾಲೆಯ ಮಂಚ ಹಿಡಿದರು. ಅಡ್ಡಾಡಲೇಬೇಕು ಎಂದು ಡಾಕ್ಟರು ಹೇಳಿದ್ದರು. ಅವ್ವ ಬೈದಳು, ತಮ್ಮ ಹೆದರಿಸಿದ, ನಾನು ಕಾಲು ಹಿಡಿಯುವುದೊಂದು ಬಾಕಿ. ಹೇಳಿದಷ್ಟೂ ಅಪ್ಪ ಗೋಡೆಯ ಕಡೆ ಮುಖ ತಿರುಗಿಸಿಕೊಂಡರು. ಊಟ ಕಡಿಮೆಯಾಯಿತು, ಕಾಲು ಬಾತುಕೊಳ್ಳತೊಡಗಿದವು. ಹೀಗೇ ಆದರೆ ಉಳಿಯುವುದಿಲ್ಲ ಎಂದು ನಮಗೆಲ್ಲ ಅನ್ನಿಸಿಬಿಟ್ಟಿತ್ತು.

ಕಮಲಕ್ಕ ಒಂದು ಭಾನುವಾರ ಬಂದು ಅಡುಗೆಮನೆಯಲ್ಲಿ ಅವ್ವನ ಹತ್ತಿರ ಕುಳಿತರು. ಕನ್ನಡಕ ತೆಗೆದರು. "ಮಂಚ ಹಿಡಿಯೂಕಿಂತ ಮೊದಲ ಏನಾಗಿತ್ರಿ?"

ಅವ್ವ ಯೋಚಿಸಿದಳು. "ಏನಿಲ್ರಿ. ದವಾಖಾನಿಯಿಂದ ಬಂದ ಮ್ಯಾಲೆ ಒಂದಿನ ಸಂತಿಗೆ ಹೋಗಿದ್ರು. ಗೆಳ್ಯಾರು ನೋಡಿ, ನಿನಗ್ಯಾಕೋ ಈ ಉಸಾಬರಿ ಅಂತ ಕೈಯಾಗಿನ ಚೀಲ ಕಸ್ಗೊಂಡು ಮನಿಗೆ ತಂದು ಬಿಟ್ರು. ಒಳ್ಳೇದಕ್ಕ ಮಾಡಿದ್ರು ಪಾಪ."

"ಹೌದ್ರಿ, ಒಳ್ಳೇದಕ್ಕ ಮಾಡ್ಯಾರ," ಎಂದರು ಕಮಲಕ್ಕ. "ಆದ್ರ ಇವರಿಗೆ ತಮ್ಮಿಂದ ಇನ್ನ ಏನೂ ಉಪಯೋಗ ಇಲ್ಲ ಅನಿಸಿಬಿಟ್ಟೈತಿ. ನೀವು ಅಡ್ಡ್ಯಾಡ್ರಿ ಅಡ್ಡ್ಯಾಡ್ರಿ ಅಂದಂಗ ಅದು ಮತ್ತಷ್ಟು ಗಟ್ಟಿ ಆಗಾಕತ್ತೈತಿ. ಇವತ್ತಿನಿಂದ ಯಾರೂ ಏನೂ ಹೇಳಬ್ಯಾಡ್ರಿ."

ಆಮೇಲೆ ಪಡಸಾಲೆಗೆ ಹೋಗಿ ಅಪ್ಪನಿಗೆ ನಮಸ್ಕಾರ ಮಾಡಿ, ತಮ್ಮ ಮನೆಗೆ ಶಿರೋಳದಿಂದ ಜೋಳ ಬಂದಿದೆ, ವರ್ಷದ ಜೋಳ, ಇಟ್ಟುಕೊಳ್ಳಲೋ ತಿರುಗಿ ಕಳಿಸಲೋ ತಿಳಿಯುತ್ತಿಲ್ಲ ಎಂದರು. "ಒಂದ್ ಹಿಡಿ ಕಳಸ್ರಿ, ನೋಡ್ತೀನಿ" ಎಂದರು ಅಪ್ಪ. "ಮ್ಯಾಲಿನ ಹಿಡಿ ನೋಡಿ ಹೇಳಾಕ ಬರ್ತೈತೇನ್ರಿ?" ಎಂದು ಕೇಳಿ ಕಮಲಕ್ಕ ಎದ್ದು ಹೋದರು. ಅಪ್ಪ ಸಂಜೆ ಅಂಗಿ ತೊಟ್ಟು, ಯಾರಿಗೂ ಏನೂ ಹೇಳದೆ ಹೊರಟರು. ಅವ್ವ ಬಾಯಿಗೆ ಸೆರಗು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನಾನು ದೂರದಿಂದ ಹಿಂಬಾಲಿಸಿದೆ. ಎರಡು ಕಡೆ ಕಟ್ಟೆಯ ಮೇಲೆ ಕುಳಿತು ದಣಿವಾರಿಸಿಕೊಂಡು ಅಪ್ಪ ಕಮಲಕ್ಕನ ಮನೆ ಮುಟ್ಟಿದರು, ಚೀಲದ ತಳದಿಂದ ಕಾಳು ತೆಗೆಸಿದರು, ಹಲ್ಲಿನಲ್ಲಿ ಕಡಿದರು.

ಆ ವರ್ಷ ಅಕ್ಕಪಕ್ಕದವರ ಜೋಳವನ್ನೆಲ್ಲ ಅಪ್ಪನೇ ಆರಿಸಿಕೊಟ್ಟರು. ಒಂದು ದಿನ ಅವರು ನೇರವಾಗಿಯೇ ಕೇಳಿದರು, "ಅಕ್ಕಾರ, ಅವತ್ತ ನನ್ನ ಮಳ್ಳ ಮಾಡಿದ್ರಿ ಹೌದಲ್ಲೋ?" ಕಮಲಕ್ಕ ಮುಚ್ಚಿಡಲಿಲ್ಲ. "ಅರ್ಧ ಹೌದ್ರಿ. ಆದ್ರ ಜೋಳದ ಬಗ್ಗೆ ನನಗ ಖರೇನ ಗೊತ್ತಿರಲಿಲ್ಲ." ಅಪ್ಪ ನಕ್ಕರು. ದವಾಖಾನೆಯಿಂದ ಬಂದ ಮೇಲೆ ಅವರು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಇಷ್ಟು ತಿಳಿದ ಕಮಲಕ್ಕನಿಗೆ ಸ್ವಂತ ತಂಗಿಯೊಡನೆ ಮಾತಿರಲಿಲ್ಲ. ತಂಗಿ ಸುಶೀಲಾ ಗಜೇಂದ್ರಗಡದಲ್ಲಿ ಸೀರೆ ನೇಯುತ್ತಿದ್ದಳು. ಗಂಡ ತೀರಿಕೊಂಡಿದ್ದ. ಕಾಲೇಜಿನ ಕೆಲಸಕ್ಕೆಂದು ಗಜೇಂದ್ರಗಡಕ್ಕೆ ಹೋಗಬೇಕಾಗಿ ಬಂದರೆ ಕಮಲಕ್ಕ ಏನಾದರೊಂದು ನೆಪ ಹೇಳಿ ನನ್ನನ್ನು ಕಳಿಸುತ್ತಿದ್ದರು. ಮೂರನೆಯ ಸಲ ಹೋಗಿ ಬಾ ಎಂದಾಗ, ರೋಣದ ಬಸ್ಸಿನಲ್ಲಿ ಅವರ ಪಕ್ಕದಲ್ಲಿ ಕುಳಿತಿದ್ದ ನಾನು ಧೈರ್ಯ ಮಾಡಿ ಅವರ ಪ್ರಶ್ನೆಯನ್ನೇ ಅವರಿಗೆ ಕೇಳಿದೆ. "ಅಕ್ಕಾರ, ಮಾತು ಬಿಡೂಕಿಂತ ಮೊದಲ ಏನಾಗಿತ್ತು?"

ಅವರ ಕೈ ಕನ್ನಡಕಕ್ಕೆ ಹೋಯಿತು, ಆದರೆ ತೆಗೆಯಲಿಲ್ಲ. ಹೊಲಗಳು ದಾಟಿ ಹೋದವು.

"ಅವ್ವ ಹಾಸಿಗಿ ಹಿಡದಾಗ ಸುಶೀ ಮನ್ಯಾಗ ಇದ್ಲು," ಎಂದರು ಕೊನೆಗೆ. "ನಾ ರವಿವಾರ ಹೋಗ್ತಿದ್ದೆ. ಹಿಂಗ ಮಾಡಬೇಕು, ಹಾಂಗ ಮಾತಾಡಬೇಕು, ವಯಸ್ಸಾದವರ ಮನಸ್ಸು ಹಿಂಗಿರ್ತೈತಿ ಅಂತ ಹೇಳಿ ಸಂಜಿ ಬಸ್ಸಿಗೆ ಬರ್ತಿದ್ದೆ. ಒಂದಿನ ಆಕಿ, ಅಕ್ಕಾ, ನಿನ್ನ ಶಾಸ್ತ್ರ ಆ ಕಡೆ ಇಡು, ಅವ್ವನ ಅರಿಬಿ ಒಗದು ಹೋಗು ಅಂದ್ಲು. ನಾ ಎದ್ದು ಬಂದೆ. ಅವ್ವ ಸತ್ತಾಗ ಹೋದೆ, ಮಾತಾಡಲಿಲ್ಲ."

"ಸಿಟ್ಟು ಬಂದಿತ್ತೇನ್ರಿ?"

"ಭಾಳ. ಆಕಿ ತಪ್ಪು ಮಾಡಿದ್ರ ಇಷ್ಟೊತ್ತಿಗೆ ಇಳೀತಿತ್ತು. ತಪ್ಪು ನಂದಿತ್ತು, ಅದಕ್ಕ ಇಳೀಲಿಲ್ಲ. ನಾವು ಯಾರಿಗೆ ಅನ್ಯಾಯ ಮಾಡಿರ್ತೀವಿ, ಅವರ ಮ್ಯಾಲೆ ಸಿಟ್ಟು ಇಟ್ಕೊಳ್ಳೂದು ಸುಲಭ. ಇದನ್ನ ಪ್ರತಿ ವರ್ಷ ಪಾಠಾ ಮಾಡ್ತೀನಿ ನೋಡು."

ಮುಂದಿನ ಭಾನುವಾರ ಇಬ್ಬರೂ ಗಜೇಂದ್ರಗಡಕ್ಕೆ ಹೋದೆವು. ಒಬ್ಬರೇ ಹೋಗಲು ಅವರಿಗೆ ಧೈರ್ಯವಿರಲಿಲ್ಲ. ಓಣಿಯ ತಿರುವಿನಲ್ಲೇ ಮಗ್ಗದ ಸದ್ದು ಕೇಳಿತು. ಬಾಗಿಲು ತೆರೆದೇ ಇತ್ತು. ಸುಶೀಲಾ ತಲೆಯೆತ್ತಿ ನೋಡಿದಳು, ಮಗ್ಗ ನಿಲ್ಲಿಸಲಿಲ್ಲ. ಕಮಲಕ್ಕ ಹೊಸ್ತಿಲ ಹೊರಗೇ ನಿಂತರು. ಏನೇನು ಹೇಳಬೇಕೆಂದು ದಾರಿಯುದ್ದಕ್ಕೂ ನನ್ನೆದುರು ಹೇಳಿಕೊಂಡಿದ್ದರು. ಅದ್ಯಾವುದೂ ಬರಲಿಲ್ಲ.

"ಸುಶೀ, ನಾ ಇರಬೇಕಿತ್ತು. ಇರಲಿಲ್ಲ," ಎಂದರು.

"ಹೌದು, ಇರಲಿಲ್ಲ," ಎಂದಳು ಸುಶೀಲಾ, ನೇಯುತ್ತಲೇ.

ಅಲ್ಲಿಗೆ ಎಲ್ಲ ಮುಗಿಯಿತೆಂದು ನಾನು ತಿಳಿದೆ. ನೇಯುತ್ತಿದ್ದ ಸೀರೆಯ ಸೆರಗಿನ ಒಂದು ಪಟ್ಟೆ ಮುಗಿದ ಮೇಲೆ ಅವಳು ಎದ್ದಳು. ಒಂದು ತಂಬಿಗೆ ನೀರು ತಂದು ಅಕ್ಕನ ಕೈಗೆ ಕೊಟ್ಟಳು. "ಕಾಲು ತೊಕ್ಕೊಂಡು ಒಳಗ ಬಾ. ಬಿಸಿಲಾಗ ಎಷ್ಟೊತ್ತು ನಿಂದರ್ತಿ." ಆ ಮಧ್ಯಾಹ್ನ ಅಲ್ಲೇ ಉಂಡೆವು, ಬಂದೆವು. ಬಸ್ಸಿನಲ್ಲಿ ಕಮಲಕ್ಕ ನರಗುಂದದವರೆಗೂ ನನ್ನ ಭುಜಕ್ಕೆ ತಲೆಯಿಟ್ಟು ಮಲಗಿದ್ದರು.

ನಿವೃತ್ತಿಯಾದ ಕೆಲವೇ ತಿಂಗಳಲ್ಲಿ ಅವರಿಗೆ ಕ್ಯಾನ್ಸರ್ ಎಂದು ಗೊತ್ತಾಯಿತು. ಸುಶೀಲಾ ಜಕ್ಕಲಿಯ ಸಂಬಂಧಿಯೊಬ್ಬರ ಗಾಡಿ ಮಾಡಿಕೊಂಡು ನರಗುಂದಕ್ಕೆ ಬಂದಳು. ಯಾರನ್ನೂ ಕೇಳದೆ ಅಕ್ಕನ ಬಟ್ಟೆಗಳನ್ನು ಗಂಟು ಕಟ್ಟಿ ಕರೆದುಕೊಂಡು ಹೋದಳು. ಕಮಲಕ್ಕ ಬೇಡವೆಂದರು, ನರ್ಸ್ ಇಟ್ಟುಕೊಳ್ಳುತ್ತೇನೆ ಎಂದರು. ತಂಗಿ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ಕೊನೆಯ ಸಲ ನಾನು ನೋಡಿದ್ದು ಆ ಮನೆಯಲ್ಲೇ. ಮಗ್ಗದ ಪಕ್ಕದಲ್ಲಿ ಹಾಸಿಗೆ ಹಾಕಿತ್ತು. ಕಮಲಕ್ಕ ಮೂಳೆ ಚರ್ಮವಾಗಿದ್ದರು, ಮಾತು ಮಾತ್ರ ಮೊದಲಿನಂತೆಯೇ ಇತ್ತು. ನನ್ನ ವಿದ್ಯಾರ್ಥಿಗಳನ್ನು, ಅಪ್ಪನನ್ನು ವಿಚಾರಿಸಿದರು. ಸುಶೀಲಾ ಗಂಜಿಯ ಬಟ್ಟಲು ಹಿಡಿದು ಬಂದು ಪಕ್ಕದಲ್ಲಿ ಕುಳಿತಳು.

"ನೋಡವಾ," ಎಂದರು ಕಮಲಕ್ಕ ನನ್ನನ್ನು ನೋಡುತ್ತ, "ಸಿಟ್ಟು ಯಾಕ ಬರ್ತೈತಿ ಅಂತ ತಿಳ್ಕೊಂಡೆ. ಹೆದರಿಕಿ ತಿಳೀತು. ಹೊಟ್ಟಿಕಿಚ್ಚು ತಿಳೀತು. ನಾ ಅಷ್ಟು ಅನ್ಯಾಯ ಮಾಡಿದ್ರೂ ಇಕಿ ನನಗ ಹಿಂಗ ಸೇವಾ ಯಾಕ ಮಾಡ್ತಾಳ ಅನ್ನೋದು ಮಾತ್ರ ತಿಳಿವಲ್ದು."

ಸುಶೀಲಾ ಚಮಚದಲ್ಲಿ ಗಂಜಿ ತೆಗೆದು ಊದಿದಳು.

"ತಿಳಕೊಂಡು ಏನ್ ಮಾಡಾಕಿ ಈಗ," ಎಂದಳು. "ಬಾಯಿ ತಗಿ."

ಕಮಲಕ್ಕ ಬಾಯಿ ತೆರೆದರು.