ಶಿರಾದ ಹಿತ್ತಲಲ್ಲಿ ಮೂರು ಹಲಗೆಗಳು

ಯುದ್ಧದಿಂದ ಪೆಟ್ರೋಲಿಲ್ಲ; ಶಿರಾದಲ್ಲಿ ಬಸ್ಸಿಗೆ ಇದ್ದಿಲು ತುಂಬುತ್ತಿದ್ದಾರೆ. ಅದು ಮುಗಿಯುವುದರೊಳಗೆ ಇದನ್ನು ಬರೆಯುತ್ತಿದ್ದೇನೆ. ಹಡಗಿನ ತಳಕ್ಕೆ ಚಿಪ್ಪುಹುಳು ಅಂಟದಂತೆ ತಡೆಯುವ ಬಣ್ಣಗಳನ್ನು ಮೂರು ಕಬ್ಬಿಣದ ಹಲಗೆಗಳಿಗೆ ಬಳಿದು, ಚಳಿಗಾಲವೆಲ್ಲ ಕಾರವಾರದ ಸಮುದ್ರದಲ್ಲಿ ಇಳಿಬಿಟ್ಟಿದ್ದೆವು. ಯಾವುದಕ್ಕೆ ಎಷ್ಟು ಹುಳು ಹತ್ತಿದೆಯೆಂದು ಬೆಂಗಳೂರಿನ ಪ್ರಯೋಗಾಲಯದಲ್ಲಿ ನಮ್ಮ ಸಾಹೇಬರೇ ನೋಡಬೇಕು. ಬಿಸಿಲಿಗೆ ಒಣಗಿ ಉದುರೀತೆಂಬ ಭಯದಿಂದ ಹಲಗೆಗಳನ್ನು ಹೋಟೆಲಿನ ಹಿತ್ತಲಲ್ಲಿ, ನೆರಳಿನಲ್ಲಿದ್ದ ಒದ್ದೆ ಕಲ್ಲಿನ ಮೇಲಿಟ್ಟು ಒಳಗೆ ಇಡ್ಲಿ ತಿಂದೆ. ಜಗಲಿಯಲ್ಲಿ ಜೊಂಪು ಹತ್ತಿತು. ಅದು ಪಾತ್ರೆ ತೊಳೆಯುವ ಕಲ್ಲು, ಅಲ್ಲಿಟ್ಟದ್ದನ್ನೆಲ್ಲ ತೊಳೆದುಬಿಡುತ್ತಾರೆ ಎಂಬುದು ಹೊಳೆಯಲೇ ಇಲ್ಲ.

ಎದ್ದು ಹೋಗಿ ನೋಡಿದರೆ, ಹುಳುವಿನ ಜೊತೆಗೆ ಬಣ್ಣವೂ ಹೋಗಿ ಮೂರೂ ಒಂದೇ ಸಮ ಹೊಳೆಯುತ್ತಿದ್ದವು. ಹಣೆತುಂಬ ವಿಭೂತಿ, ಕೊರಳಲ್ಲಿ ಲಿಂಗ ಧರಿಸಿದ್ದ ಹೋಟೆಲಿನ ಅಮ್ಮ ಪಕ್ಕದಲ್ಲೇ ಕೈ ತೊಳೆಯುತ್ತಿದ್ದರು.

“ಏನ್ ನಾತ ಕಣಪ್ಪ! ಕುಡ್ಗೋಲಲ್ಲಿ ಹೆರೆದು, ಹುಣಸೆಹಣ್ಣು ಬೂದಿ ಹಾಕಿ ಉಜ್ಜಿವ್ನಿ. ನಮ್ ಪೂಜೆ ಪಾತ್ರೆನೂ ಇದೇ ಕಲ್ ಮ್ಯಾಲೆ ತೊಳೆಯೋದು. ಅದೇನು ಅಂಗೆ ಮೆತ್ಕೊಂಡಿತ್ತು?”

ಕೂಗಾಡಲೆಂದೇ ಬಾಯಿ ತೆರೆದೆ. ಮಾಂಸ ಮುಟ್ಟದ ಆ ಕೈಯ ಉಗುರುಸಂದಿಯಲ್ಲಿ ಹುಳುವಿನ ಚೂರು ಕಂಡಿತು.

“ಸುಣ್ಣ ಅಮ್ಮ, ಬರೀ ಸುಣ್ಣ,” ಎಂದೆ.

ಹಾರನ್ ಆಯಿತು. ಸಾಹೇಬರಿಗೆ ಹೇಳಲು ಬೇರೆ ಸುಳ್ಳು ಹುಡುಕಬೇಕು.